ಮಗ ಚರ್ಚಿಗೆ ಬರಲ್ಲ ಅಂತಾನೆ. ಮಕ್ಕಳನ್ನು ಕ್ರಿಸ್ತನ ನಂಬಿಕೆಯಲ್ಲಿ ಬೆಳೆಸೋದು ಹೇಗೆ?

ವಂದನೆಗಳು ಸಿಸ್ಟರ್. ನಿಮ್ಮ ಮಗನಿಗೆ 12 ವರ್ಷ, ಮಗಳಿಗೆ 6. ಮಗ ಈಚೆಗೆ ಚರ್ಚ್ ಬೋರ್ ಅಂತಿದ್ದಾನೆ, ಮನೆಯವರು ಎರಡೇಟು ಹಾಕಿಯಾದರೂ ಕರ್ಕೊಂಡು ಬಾ ಅಂತಾರೆ, ಏನು ಮಾಡಲಿ ಅಂತ ಕೇಳಿದ್ದೀರಿ. ನೀವು ಕಲಬುರಗಿ, ನಾನು ಬೀದರ್. ಇಲ್ಲಿ ನಮ್ಮ ಸಭೆಯಲ್ಲಿ ಸಂಡೇ ಸ್ಕೂಲ್ ಮಾಡುತ್ತೇನೆ, ನನಗೂ ಇಬ್ಬರು ಮಕ್ಕಳಿದ್ದಾರೆ. ತಿಳಿದಷ್ಟು ಬರೆಯುತ್ತೇನೆ.

ಟೀಚರ್ ಆಗಿಯೇ ಹೇಳ್ತೀನಿ, ಭಾರ ಎಲ್ಲಾ ಸಂಡೇ ಸ್ಕೂಲ್ ಮೇಲೆ ಹಾಕಬೇಡಿ. ಹಾಜರಿ, ಹಾಡು, ಕಾಣಿಕೆ, ಬಾಯಿಪಾಠದ ವಾಕ್ಯ ಎಲ್ಲಾ ಮುಗಿಯುವ ಹೊತ್ತಿಗೆ ಕಥೆಗೆ ಉಳಿಯೋದು ಸ್ವಲ್ಪವೇ ಹೊತ್ತು. ಮತ್ತೆ, ಮಗು ತನ್ನ ಮನಸ್ಸಿನ ಪ್ರಶ್ನೆಯನ್ನು ಇಡೀ ಕ್ಲಾಸಿನ ಎದುರು ಕೇಳಲ್ಲ. ಅಮ್ಮನೋ ಅಪ್ಪನೋ ಒಬ್ಬರೇ ಸಿಕ್ಕಾಗ ಕೇಳುತ್ತೆ. ಹಾಗಾಗಿ ನನ್ನ ಸಲಹೆ ಒಂದೇ: ಮಕ್ಕಳ ಜೊತೆ ಒಬ್ಬೊಬ್ಬರಾಗಿ ಕೂತುಕೊಳ್ಳಿ. ಕುಟುಂಬ ಪ್ರಾರ್ಥನೆ ಇರಲಿ, ಅದರ ಜೊತೆಗೆ ಇದೂ ಇರಲಿ.

ಇದು ನಾನು ಕಂಡುಹಿಡಿದದ್ದಲ್ಲ. ನಮ್ಮ ಕಡೆ ಮೆಥಡಿಸ್ಟ್ ಸಭೆಗಳೇ ಜಾಸ್ತಿ ಅಲ್ವಾ, ಆ ಮೆಥಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಯ ತಾಯಿ ಸುಸಾನಾ ಹೀಗೆ ಮಾಡುತ್ತಿದ್ದರು. ಇಂಗ್ಲೆಂಡಿನ ಎಪ್ವರ್ತ್ ಊರು, ಗಂಡ ಪಾದ್ರಿ, ಮನೆ ತುಂಬಾ ಸಾಲ. ಹೆತ್ತದ್ದು 19 ಮಕ್ಕಳನ್ನು, ಅರ್ಧದಷ್ಟು ಮಕ್ಕಳು ಕೂಸಿದ್ದಾಗಲೇ ತೀರಿಕೊಂಡವು. ಉಳಿದವರಲ್ಲಿ ಯಾರ ಜೊತೆ ಯಾವ ದಿನ ಮಾತಾಡಬೇಕು ಅಂತ ಆ ತಾಯಿ ಗೊತ್ತು ಮಾಡಿಕೊಂಡಿದ್ದರು. ಜಾನ್‌ಗೆ ಗುರುವಾರ, ಚಾರ್ಲ್ಸ್‌ಗೆ ಶನಿವಾರ. ಮುಂದೆ ಜಾನ್ ದೊಡ್ಡವನಾಗಿ, ಆಕ್ಸ್‌ಫರ್ಡ್‌ನಲ್ಲಿ ಪಾಠ ಹೇಳುವ ಕೆಲಸ ಸಿಕ್ಕ ಮೇಲೂ, ಆ ಗುರುವಾರದ ಸಂಜೆಯ ಸ್ವಲ್ಪ ಹೊತ್ತನ್ನು ನನಗೆ ಮತ್ತೆ ಕೊಡಮ್ಮ ಅಂತ ತಾಯಿಗೆ ಕಾಗದ ಬರೆದರು. ಅಷ್ಟು ಮಕ್ಕಳ ತಾಯಿಗೆ ಪುರುಸೊತ್ತು ಸಿಕ್ಕಿತು ಅಂದರೆ ನಮಗೂ ಸಿಗುತ್ತೆ.

ಕೂತು ಏನು ಮಾಡೋದು? ನಾವು ಮಾರ್ಕನ ಸುವಾರ್ತೆ ಓದುತ್ತೇವೆ. ನಾಲ್ಕು ಸುವಾರ್ತೆಗಳಲ್ಲಿ ಅದೇ ಚಿಕ್ಕದು, 16 ಅಧ್ಯಾಯ. ನನ್ನ ಮಗಳದು ಇಂಗ್ಲಿಷ್ ಮೀಡಿಯಂ. ಕನ್ನಡ ಬೈಬಲ್ ತೆರೆದರೆ ಒತ್ತಕ್ಷರ ಬಂದಲ್ಲಿ ನಿಂತುಬಿಡುತ್ತಾಳೆ. ನಾನು ಗಟ್ಟಿಯಾಗಿ ಓದುತ್ತೇನೆ, ಅವಳು ಸಾಲಿನ ಕೆಳಗೆ ಬೆರಳು ಇಟ್ಟುಕೊಂಡು ಬರುತ್ತಾಳೆ. ನಾಲ್ಕನೇ ಅಧ್ಯಾಯದಲ್ಲಿ ಬಿರುಗಾಳಿ ಬರುತ್ತಲ್ಲ, ದೋಣಿಗೆ ನೀರು ನುಗ್ಗುತ್ತಿದೆ, ಯೇಸು ಹಿಂಭಾಗದಲ್ಲಿ ತಲೆದಿಂಬಿಗೆ ಒರಗಿ ಮಲಗಿದ್ದಾನೆ. ಅಲ್ಲಿ ಬೆರಳು ನಿಂತಿತು. “ಮಮ್ಮಿ, ಯೇಸಪ್ಪನಿಗೆ ಅಷ್ಟು ಸುಸ್ತಾಗಿತ್ತಾ?” ಅಂತ ಕೇಳಿದಳು. ಹೌದು, ದಿನವಿಡೀ ಜನರಿಗೆ ಬೋಧನೆ ಮಾಡಿದ್ದ, ಸುಸ್ತಾಗಿತ್ತು ಅಂದೆ. ಆಮೇಲೆ ಅವಳೇ ಬಹಳ ಹೊತ್ತು ಯೋಚನೆ ಮಾಡಿದಳು. ದೇವರ ಮಗನಿಗೂ ನಮ್ಮ ಹಾಗೆ ನಿದ್ದೆ ಬರುತ್ತೆ ಅನ್ನೋದು ಅವಳಿಗೆ ಹೊಸದು. ಅಂಥ ಹೊತ್ತಿನಲ್ಲಿ ದಯವಿಟ್ಟು ನೀತಿ ಹೇಳೋಕೆ ಹೋಗಬೇಡಿ. ಆದ್ದರಿಂದ ನೀನು ಹೆದರಬಾರದು, ಹೋಮ್‌ವರ್ಕ್ ಮಾಡಬೇಕು ಅಂತ ಸೇರಿಸಿದರೆ ಮಗು ಅಲ್ಲೇ ಕಿವಿ ಮುಚ್ಚಿಕೊಳ್ಳುತ್ತೆ.

ಕಷ್ಟದ ಪ್ರಶ್ನೆಗಳೂ ಬರುತ್ತವೆ. ಅಜ್ಜಿಗೋಸ್ಕರ ಅಷ್ಟು ಪ್ರಾರ್ಥನೆ ಮಾಡಿದ್ವಿ, ಆದ್ರೂ ಯಾಕೆ ತೀರಿಹೋದ್ರು? ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. ಜೊತೆಗೆ 13ನೇ ಕೀರ್ತನೆ ಓದಿ ಕೇಳಿಸಿ. ಇನ್ನೂ ಎಷ್ಟು ದಿನ ನನ್ನನ್ನು ಮರೆತಿರ್ತೀಯಾ ಅಂತ ದಾವೀದನು ದೇವರನ್ನೇ ಕೇಳುತ್ತಾನೆ. ಬೈಬಲ್ ಒಳಗೇ ಇಂಥ ಪ್ರಶ್ನೆ ಇದೆ ಅಂತ ತಿಳಿದರೆ ಮಕ್ಕಳಿಗೆ ಎಷ್ಟು ಧೈರ್ಯ ಬರುತ್ತೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ನಮ್ಮ ಊರುಗಳಲ್ಲಿ ಇನ್ನೊಂದು ಪ್ರಶ್ನೆ ತಪ್ಪಲ್ಲ. ಪಕ್ಕದ ಮನೆಯಲ್ಲಿ ಲಿಂಗಪೂಜೆ, ಎದುರು ಮನೆಯಲ್ಲಿ ನಮಾಜ್. ಅವರ ಪ್ರಾರ್ಥನೆ ದೇವರು ಕೇಳಲ್ವಾ ಮಮ್ಮಿ? ನಾನು ಹೇಳೋದು ಇಷ್ಟೇ: ಯಾರದು ಕೇಳಬೇಕು ಅಂತ ದೇವರಿಗೆ ಗೊತ್ತು, ಅದನ್ನು ನಾವು ತೀರ್ಮಾನ ಮಾಡೋದು ಬೇಡ. ನಾವು ಯೇಸುವನ್ನು ಯಾಕೆ ನಂಬುತ್ತೇವೆ ಅಂತ ಮಾತ್ರ ನಾನು ಹೇಳಬಲ್ಲೆ. ಎಳ್ಳ ಅಮಾವಾಸ್ಯೆಗೆ ನೆರೆಯವರು ಹೊಲಕ್ಕೆ ಕರೆದರೆ ಮಕ್ಕಳನ್ನು ಕರ್ಕೊಂಡು ಹೋಗುತ್ತೇನೆ. ಚರಗ ಚೆಲ್ಲುವುದು, ಅಂದರೆ ಹೊಲದಲ್ಲಿ ಎಡೆ ಚೆಲ್ಲುವುದು, ಅವರ ಪೂಜೆ, ಅದರಲ್ಲಿ ನಾವು ಸೇರಲ್ಲ, ದೂರ ನಿಂತಿರುತ್ತೇವೆ. ಆಮೇಲೆ ಕೂತು ಸಜ್ಜೆ ರೊಟ್ಟಿ, ಭಜ್ಜಿ ಊಟ ಮಾಡುತ್ತೇವೆ. ಇದಕ್ಕೆ ಸಭೆಯಲ್ಲಿ ಕೆಲವರು ಒಪ್ಪಲ್ಲ. ಆದರೆ ನಂಬದವರು ಊಟಕ್ಕೆ ಕರೆದರೆ, ಹೋಗುವ ಮನಸ್ಸಿದ್ದರೆ, ಬಡಿಸಿದ್ದನ್ನು ಊಟ ಮಾಡಿ ಅಂತ 1 ಕೊರಿಂಥ 10ರಲ್ಲಿ ಪೌಲನೇ ಬರೆದಿದ್ದಾನೆ. ನೆರೆಯವರ ಬಗ್ಗೆ ಅಸಹ್ಯ ಕಲಿಸಿ ಮಕ್ಕಳಿಗೆ ಕ್ರಿಸ್ತನ ಪ್ರೀತಿ ಕಲಿಸೋಕೆ ಆಗಲ್ಲ.

ಇನ್ನು ನಿಮ್ಮ ಮಗನ ವಿಷಯ. ಹೊಡೆಯಬೇಡಿ, ದೇವರು ನೋಡ್ಕೋತಾನೆ ಅಂತ ಹೆದರಿಸಲೂ ಬೇಡಿ. ನಿಮ್ಮ ಮಕ್ಕಳನ್ನು ಕೆಣಕಬೇಡಿ, ಅವರ ಮನಸ್ಸು ಕುಗ್ಗೀತು ಅಂತ ಕೊಲೊಸ್ಸೆ 3:21 ತಂದೆಯರಿಗೇ ಹೇಳುತ್ತೆ. ಮನೆಯವರಿಗೆ ಆ ವಾಕ್ಯ ನೀವೇ ಓದಿ ತೋರಿಸಿ. ಹಾಗಂತ ಬರೋದು ಬಿಡೋದು ಅವನಿಷ್ಟ ಅಂತಲೂ ಬಿಡಬೇಡಿ. 12 ವರ್ಷದ ಹುಡುಗ, ಭಾನುವಾರ ಮನೆಯವರೆಲ್ಲರ ಜೊತೆ ಬರಬೇಕು, ಅದು ಮನೆಯ ರೂಢಿ. ನಂಬೋದು ಮಾತ್ರ ಅವನದೇ. ಚಿಕ್ಕಂದಿನಲ್ಲಿ ದೀಕ್ಷಾಸ್ನಾನ ಕೊಡಿಸಿದ್ದು ನೀವು, ಸಭೆಯ ಮುಂದೆ ನಿಂತು ನಾನು ನಂಬುತ್ತೇನೆ ಅಂತ ಹೇಳೋದು ಅವನ ಬಾಯಿಂದ ಬರಬೇಕು. ಹಾಗೆ ಹೇಳೋದನ್ನೇ ದೃಢೀಕರಣ ಅನ್ನೋದು; ಜೊತೆಯ ಹುಡುಗರೆಲ್ಲ ತಗೊಂಡರು ಅಂತ ಅದಕ್ಕೆ ಅವಸರ ಮಾಡಬೇಡಿ.

ಬೋರ್ ಅಂದರೆ ಏನು ಅಂತ ಬಿಡಿಸಿ ಕೇಳಿ. ಪ್ರಸಂಗ ಉದ್ದ ಅಂತಾನಾ, ಹಳೇ ಕನ್ನಡ ಬೈಬಲ್ ಅರ್ಥ ಆಗಲ್ವಾ, ಅಲ್ಲಿ ಅವನ ವಯಸ್ಸಿನ ಗೆಳೆಯರೇ ಇಲ್ವಾ? ಒಂದೊಂದಕ್ಕೂ ದಾರಿ ಬೇರೆ. ನಮ್ಮ ಸಭೆಯಲ್ಲಿ ಹೀಗೇ ಮುಖ ಗಂಟು ಹಾಕಿಕೊಂಡು ಹಿಂದಿನ ಸಾಲಲ್ಲಿ ಕೂರುತ್ತಿದ್ದ ಹುಡುಗನನ್ನು ಭಜನೆಗೆ ತಬಲಾ ಕಲಿಯೋಕೆ ಕೂರಿಸಿದರು. ಈಗ ಎಲ್ಲರಿಗಿಂತ ಮುಂಚೆ ಬಂದಿರುತ್ತಾನೆ. ನಿಮ್ಮವನಿಗೆ ತಬಲಾ ಇಷ್ಟವೋ, ಮೈಕ್ ಸೆಟ್ ನೋಡಿಕೊಳ್ಳೋದು ಇಷ್ಟವೋ ಕೇಳಿಕೊಂಡು, ಈ ವಾರವೇ ನಿಮ್ಮ ಪಾಸ್ಟರ್‌ಗೆ ಫೋನ್ ಮಾಡಿ ಮಾತಾಡಿ.