ಅಷ್ಟು ದೊಡ್ಡ ಹುಳವನ್ನು ದೇಹ ಏನು ಮಾಡುತ್ತೆ?

ಪ್ರಶ್ನೆ: ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗುತ್ತವೆ ಅಂತ ಮಗಳ ಪಾಠದಲ್ಲಿದೆ. ಜಂತುಹುಳ ಕಣ್ಣಿಗೆ ಕಾಣುವಷ್ಟು ದೊಡ್ಡದು, ಅದನ್ನು ಹೇಗೆ ನುಂಗುತ್ತವೆ?
– ಓದುಗರೊಬ್ಬರು, ಹಾಸನ

ಉತ್ತರ: ಒಳ್ಳೆ ಪ್ರಶ್ನೆ. ನುಂಗೋಕೆ ಆಗಲ್ಲ, ಅದಕ್ಕೇ ಹೊರಗೆ ತಳ್ಳುತ್ತೆ. ಇದನ್ನು ಇಲಿಗಳಲ್ಲಿ ಚೆನ್ನಾಗಿ ನೋಡಿದ್ದಾರೆ. ನಿಪ್ಪೋಸ್ಟ್ರಾಂಜಿಲಸ್ ಎಂಬ ಹುಳದ ಮರಿಗಳನ್ನು ಇಲಿಯ ಚರ್ಮದಡಿ ಬಿಟ್ಟರೆ ಅವು ರಕ್ತದ ಜೊತೆ ಶ್ವಾಸಕೋಶಕ್ಕೆ ಹೋಗುತ್ತವೆ. ಅಲ್ಲಿಂದ ಗಂಟಲಿಗೆ ಹತ್ತಿ, ಇಲಿ ನುಂಗಿದಾಗ ಸಣ್ಣ ಕರುಳು ಸೇರುತ್ತವೆ. ಎಂಥಾ ಸುತ್ತುದಾರಿ ನೋಡಿ!

ಕರುಳಿನ ಒಳಪದರದಲ್ಲಿ ಅಲ್ಲೊಂದು ಇಲ್ಲೊಂದು ಟಫ್ಟ್ ಕೋಶ ಇರುತ್ತದೆ. ತಲೆಯ ಮೇಲೆ ಜುಟ್ಟಿನಂಥ ಕುಚ್ಚು. ಕರುಳಲ್ಲಿ ಇದಕ್ಕೇನು ಕೆಲಸ ಅಂತ ಬಹುಕಾಲ ತಿಳಿದಿರಲಿಲ್ಲ. ಹುಳ ಬಂದ ಸುಳಿವು ಕೊಡೋದೇ ಇದು ಅಂತ 2016ರಲ್ಲಿ ಗೊತ್ತಾಯಿತು. ಅದು ಐಎಲ್-25 ಎಂಬ ಸಂದೇಶ ಬಿಡುತ್ತದೆ. ಹತ್ತಿರದ ಐಎಲ್‌ಸಿ2 ಎಂಬ ರೋಗನಿರೋಧಕ ಕೋಶಗಳು ಎಚ್ಚೆತ್ತು ಐಎಲ್-13 ಎಂಬ ಇನ್ನೊಂದು ಸಂದೇಶ ಸುರಿಸುತ್ತವೆ. ಆಗ ಕರುಳಲ್ಲಿ ಲೋಳೆ ಜಾಸ್ತಿಯಾಗುತ್ತದೆ, ಸ್ನಾಯು ಜೋರಾಗಿ ಹಿಂಡುತ್ತದೆ. ನನಗೆ ಇಷ್ಟವಾದ ಭಾಗ ಇನ್ನೊಂದಿದೆ: ಅದೇ ಐಎಲ್-13ನಿಂದ ಹೊಸ ಟಫ್ಟ್ ಕೋಶಗಳೂ ಹೆಚ್ಚುತ್ತವೆ. ಕಾವಲು ಹೆಚ್ಚಿದಷ್ಟೂ ಕೂಗು ಹೆಚ್ಚು! ಸುಮಾರು ಹತ್ತು ದಿನದಲ್ಲಿ ಬಹುಪಾಲು ಹುಳಗಳು ಹೊರಬೀಳುತ್ತವೆ.

ಎಲ್ಲ ಹುಳವೂ ಇಷ್ಟು ಸುಲಭಕ್ಕೆ ಜಗ್ಗಲ್ಲ. ಹೆಲಿಗ್ಮೊಸೊಮಾಯ್ಡಿಸ್ ಎಂಬುದು ಇಲಿಯ ಕರುಳಲ್ಲಿ ವಾರಗಟ್ಟಲೆ ಸುಮ್ನೆ ಠಿಕಾಣಿ ಹೂಡುತ್ತದೆ. ದೇಹದ್ದೇ ಶಾಂತಿಸಂದೇಶವನ್ನು ಹೋಲುವ ಪ್ರೋಟೀನು ಬಿಟ್ಟು ರೋಗನಿರೋಧಕ ಕೋಶಗಳನ್ನು ತಣ್ಣಗೆ ಮಾಡುತ್ತದೆ. ಕಿಲಾಡಿ ಅಲ್ವಾ?