ಹೊಸ ವೆಲ್ಡಿಂಗ್ ಸೆಟ್ಟನ್ನು ಖಾಲಿ ಓಡಿಸಬೇಡಿ

ಪ್ರಶ್ನೆ: ಗೇಟು, ಟ್ರೇಲರ್, ಬೋರ್‌ವೆಲ್ ಕೇಸಿಂಗ್ ವೆಲ್ಡಿಂಗ್ ನನ್ನ ಕಸುಬು. ಕರೆಂಟು ನಂಬಿ ಕೂರಲಾಗದೆ ಸಾಲ ಮಾಡಿ ಎರಡು ಸಿಲಿಂಡರಿನ, ಏರ್ ಕೂಲ್ಡ್ ಡೀಸೆಲ್ ವೆಲ್ಡಿಂಗ್ ಜನರೇಟರ್ ತಂದೆ. ‘ಹೊಸ ಎಂಜಿನ್ನು, ಮೊದಲ ವಾರ ಲೋಡ್ ಹಾಕಬೇಡ, ದಿನಾ ನಾಲ್ಕು ಗಂಟೆ ಸ್ಲೋದಲ್ಲಿ ಬಿಡು’ ಅಂತ ನಮ್ಮ ಮಾವ ಹೇಳಿದರು. ಹಾಗೇ ಮಾಡಿದೆ. ಅವರ್ ಮೀಟರ್ ಈಗ 26 ತೋರಿಸುತ್ತಿದೆ. ಸೈಲೆನ್ಸರ್ ಕೂಡುವಲ್ಲಿ ಕಪ್ಪು ಎಣ್ಣೆ ಜಿನುಗುತ್ತಿದೆ, ಆಯಿಲ್ ಕೂಡ ಕಡಿಮೆಯಾಗುತ್ತಿದೆ. ಎಂಜಿನ್ ಹೋಯಿತೇ ಸಾರ್? ಇನ್ನು ಮುಂದೆ ಹೇಗೆ ನೋಡಿಕೊಳ್ಳಬೇಕು?
— ಹೊಸದುರ್ಗ ತಾಲ್ಲೂಕಿನ ಓದುಗರು

ಉತ್ತರ: ಹೋಗಿಲ್ಲ. ಆದರೆ ನಿಮ್ಮ ಮಾವನವರ ಮಾತನ್ನು ಇವತ್ತೇ ನಿಲ್ಲಿಸಿ. ಅವರು ಹೇಳಿದ್ದು ಅಕ್ಕರೆಯಿಂದ, ಸಂಶಯವಿಲ್ಲ. ಹಳೆಯ ಬೈಕುಗಳ ಕಾಲದ ‘ನಿಧಾನವಾಗಿ ಓಡಿಸು’ ಎಂಬ ಬುದ್ಧಿಮಾತನ್ನು ಡೀಸೆಲ್ ಸೆಟ್ಟಿಗೂ ಅಂಟಿಸಿದ್ದಾರೆ. ನನ್ನ ಹತ್ತಿರ ಬರುವ ಹೊಸ ಸೆಟ್ಟುಗಳ ದೂರುಗಳಲ್ಲಿ ಹೆಚ್ಚಿನವು ಈ ಅಕ್ಕರೆಯಿಂದಲೇ ಹುಟ್ಟಿದವು.

ಒಳಗೆ ಆಗುವುದು ಇಷ್ಟು. ಹೊಸ ಸಿಲಿಂಡರ್ ಗೋಡೆಯ ಮೇಲೆ ಕಾರ್ಖಾನೆಯವರು ಸಣ್ಣ ಅಡ್ಡಗೀರುಗಳನ್ನು ಬಿಟ್ಟಿರುತ್ತಾರೆ. ಪಿಸ್ಟನ್ ರಿಂಗು ಆ ಗೀರುಗಳಿಗೆ ಉಜ್ಜಿಕೊಂಡು, ಗೋಡೆಗೆ ಸರಿಯಾಗಿ ಕೂತ ಮೇಲೇ ಗಾಳಿ, ಆಯಿಲ್ ಎರಡೂ ಸೋರದಂತೆ ಬಿಗಿಯಾಗುವುದು. ರಿಂಗನ್ನು ಹಿಂದಿನಿಂದ ಗೋಡೆಗೆ ಒತ್ತುವುದು ಉರಿಯುವ ಗ್ಯಾಸಿನ ಒತ್ತಡ. ಲೋಡ್ ಇಲ್ಲದಿದ್ದರೆ ಆ ಒತ್ತಡ ಸಾಲದು. ಆಗ ರಿಂಗು ಗೀರಿಗೆ ಕೂರುವ ಬದಲು ಮೇಲೆ ಜಾರಾಡುತ್ತದೆ. ನಿಧಾನಕ್ಕೆ ಗೋಡೆಯ ಮೇಲೆ ಅರೆಬರೆ ಸುಟ್ಟ ಆಯಿಲ್ ವಾರ್ನಿಷಿನಂತೆ ಹತ್ತಿಕೊಂಡು ಗೀರುಗಳು ಮುಚ್ಚಿಹೋಗುತ್ತವೆ. ಅಷ್ಟಾದ ಮೇಲೆ ಹೆಡ್ ಬಿಚ್ಚಿ ಬೋರ್ ಮತ್ತೆ ಉಜ್ಜಿಸದೆ ದಾರಿಯಿಲ್ಲ. ನಿಮ್ಮ ಸೈಲೆನ್ಸರಿನಲ್ಲಿ ಜಿನುಗುತ್ತಿರುವುದು ಪೂರ್ತಿ ಉರಿಯದ ಡೀಸೆಲ್, ರಿಂಗು ದಾಟಿ ಬಂದ ಆಯಿಲ್, ಮಸಿ, ಮೂರೂ ಬೆರೆತದ್ದು. 26 ಗಂಟೆಗೆ ಇದು ಇನ್ನೂ ಸರಿಹೋಗುವ ಹಂತ. ಹೋರಿಯನ್ನು ಕೊಟ್ಟಿಗೆಯಲ್ಲೇ ಕಟ್ಟಿ ಮೇಯಿಸಿದರೆ ನೊಗ ಕಲಿಯುವುದಿಲ್ಲ, ಈಗ ಹೂಡಬೇಕು.

‘ಈಗ ವೆಲ್ಡಿಂಗ್ ಮಾಡುತ್ತಿದ್ದೇನಲ್ಲ’ ಎನ್ನಬಹುದು. ಒಂದು ಲೆಕ್ಕ ನೋಡಿ. 10 ಗೇಜ್, ಅಂದರೆ 3.15 ಮಿ.ಮೀ. ರಾಡನ್ನು 120 ಆಂಪಿಯರ್‌ನಲ್ಲಿ ಉರಿಸಿದರೆ ಆರ್ಕಿನ ವೋಲ್ಟೇಜು ಸುಮಾರು 25. ಎರಡನ್ನೂ ಗುಣಿಸಿದರೆ 3 ಕಿಲೋವ್ಯಾಟ್. ಜನರೇಟರಿನ ನಷ್ಟ ಸೇರಿಸಿ ಎಂಜಿನ್ನಿನ ಮೇಲೆ ಬೀಳುವುದು 5 ಕಿಲೋವ್ಯಾಟ್ ಎಂದುಕೊಳ್ಳೋಣ. ನಿಮ್ಮ ಎಂಜಿನ್ 15 ಕಿಲೋವ್ಯಾಟಿನದ್ದಾದರೆ ಅದು ಮೂರನೇ ಒಂದು ಪಾಲು ಮಾತ್ರ. ಅದೂ ಆರ್ಕ್ ಉರಿಯುವಾಗ. ಅಳತೆ, ಕಟಿಂಗು, ಸ್ಲ್ಯಾಗ್ ಕುಟ್ಟುವುದು, ಬೀಡಿ, ಟೀ ಎಲ್ಲ ಕಳೆದರೆ ಗಂಟೆಗೆ ಇಪ್ಪತ್ತು ನಿಮಿಷ ಆರ್ಕ್ ಉರಿದರೆ ಹೆಚ್ಚು. ಗಂಟೆಯ ಉಳಿದ ನಲವತ್ತು ನಿಮಿಷ ಎಂಜಿನ್ ಸುಮ್ಮನೆ ತಿರುಗುತ್ತಿರುತ್ತದೆ.

ಆದ್ದರಿಂದ ಲೋಡನ್ನು ನೀವೇ ಕೊಡಬೇಕು. ಸೆಟ್ಟಿನಲ್ಲಿ ಸಾಮಾನ್ಯವಾಗಿ 230 ವೋಲ್ಟ್ ಪ್ಲಗ್ ಇರುತ್ತದೆ. ಎರಡು 2000 ವ್ಯಾಟಿನ ಕಾಯಿಲ್ ಸ್ಟೋವ್, ನಾಲ್ಕು 500 ವ್ಯಾಟಿನ ಹ್ಯಾಲೊಜೆನ್ ದೀಪ ತನ್ನಿ; ಪೆಂಡಾಲಿನವರ ಹತ್ತಿರ ಬಾಡಿಗೆಗೂ ಸಿಗುತ್ತವೆ. ಮೊದಲು ಅರ್ಧ ಗಂಟೆ ಕಾಲು ಲೋಡ್, ಆಮೇಲೆ ಅರ್ಧ, ಅಲ್ಲಿಂದ ಮುಕ್ಕಾಲು. ಪ್ಲೇಟಿನ ಮೇಲೆ ಬರೆದ ಮಿತಿ ದಾಟಬೇಡಿ. ವೆಲ್ಡಿಂಗಿಗೂ ಪ್ಲಗ್ಗಿಗೂ ಶಕ್ತಿ ಬರುವುದು ಒಂದೇ ಎಂಜಿನ್ನಿನಿಂದ ಎನ್ನುವುದು ನೆನಪಿರಲಿ, ಎರಡನ್ನೂ ಒಟ್ಟಿಗೆ ತುಂಬ ಎಳೆಯಬಾರದು. ಸ್ಟೋವ್ ಬೇಡವೆಂದರೆ ಗುಜರಿ ಪ್ಲೇಟಿನ ಮೇಲೆ 4 ಮಿ.ಮೀ. ರಾಡಿನಲ್ಲಿ ಬೀಡ್ (ವೆಲ್ಡಿಂಗ್ ಗೆರೆ) ಎಳೆಯುತ್ತಾ ಹೋಗಿ, ಕೈಯೂ ಪಳಗುತ್ತದೆ. ಆಗ ಡ್ಯೂಟಿ ಸೈಕಲ್ ನೋಡಿಕೊಳ್ಳಿ: 60 ಶೇಕಡಾ ಎಂದಿದ್ದರೆ ಹತ್ತು ನಿಮಿಷದಲ್ಲಿ ಆರು ನಿಮಿಷ ಆರ್ಕ್, ನಾಲ್ಕು ನಿಮಿಷ ಬಿಡುವು. ಕೆಲಸವಿಲ್ಲದಾಗ ತಾನೇ ಸ್ಲೋ ಆಗುವ ಆಟೋ ಐಡಲ್ ಸ್ವಿಚ್ ಇದ್ದರೆ, ಮೊದಲ 50 ಗಂಟೆ ಅದನ್ನು ಆಫ್ ಮಾಡಿಡಿ.

ಈ ಕೆಲಸ ಮಾಡುವಾಗ ಸೆಟ್ಟನ್ನು ಬಣವೆ, ಒಣಹುಲ್ಲಿನಿಂದ ದೂರ ಬಯಲಲ್ಲಿ ನಿಲ್ಲಿಸಿ. ಸೈಲೆನ್ಸರಿನಲ್ಲಿ ಕೂತ ಜಿಡ್ಡು ಕಾದು ಬೆಳ್ಳನೆಯ ಹೊಗೆ ಬರುತ್ತದೆ, ಕೆಲವೊಮ್ಮೆ ಕಿಡಿಯೂ ಹಾರುತ್ತದೆ. ಹತ್ತು ಹದಿನೈದು ಗಂಟೆ ಹೀಗೆ ಲೋಡಿನಲ್ಲಿ ಓಡಿದ ಮೇಲೂ ಜಿನುಗು ನಿಲ್ಲದಿದ್ದರೆ ನೀವೇ ಬಿಚ್ಚಲು ಹೋಗಬೇಡಿ, ವಾರಂಟಿ ಇರುವಾಗಲೇ ಡೀಲರಿಗೆ ತೋರಿಸಿ.

ಆಯಿಲ್ ಕಡಿಮೆಯಾಗುವುದಕ್ಕೆ ಗಾಬರಿ ಬೇಡ. ರಿಂಗು ಕೂರುವ ತನಕ ಯಾವ ಹೊಸ ಎಂಜಿನ್ನಾದರೂ ಸ್ವಲ್ಪ ಕುಡಿಯುತ್ತದೆ. ನಾಲ್ಕು ಗಂಟೆಗೊಮ್ಮೆ ನಿಲ್ಲಿಸಿ, ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ. ಮೇಲಿನ ಗೆರೆ ದಾಟಿಸಿ ತುಂಬುವುದೂ ತಪ್ಪು. ಮೊದಲ ಆಯಿಲ್ ಚೇಂಜ್ ಇಂಥ ಡೀಸೆಲ್ ಸೆಟ್ಟುಗಳಲ್ಲಿ ಸಾಮಾನ್ಯವಾಗಿ 50 ಗಂಟೆಗೆ, ಸಣ್ಣ ಪೆಟ್ರೋಲ್ ಎಂಜಿನ್ನಿನಲ್ಲಿ 20 ಗಂಟೆಗೆ. ನಿಮ್ಮ ಮ್ಯಾನ್ಯುಯಲ್ ಹೇಳಿದ್ದೇ ಅಂತಿಮ. ಬಿಸಿಯಿರುವಾಗ ಇಳಿಸಿ. ಮೊದಲ ಆಯಿಲಿನಲ್ಲಿ ಬೆಳ್ಳಿಯಂತೆ ಮಿನುಗು ಕಂಡರೆ ಅದು ಉಜ್ಜಿಕೊಂಡ ಲೋಹದ ಪುಡಿ, ಸಹಜ. ಉಗುರಿಗೆ ಸಿಗುವಂಥ ಚೂರು ಕಂಡರೆ ಸಹಜವಲ್ಲ.

ನಿಲ್ಲಿಸುವಾಗ ಮಾತ್ರ ಸ್ಲೋ ಬೇಕು. ಲೋಡ್ ಎಲ್ಲ ತೆಗೆದು ಮೂರ್ನಾಲ್ಕು ನಿಮಿಷ ಬಿಟ್ಟು ಆಮೇಲೆ ಆಫ್ ಮಾಡಿ. ಕಾದ ಎಂಜಿನ್ನನ್ನು ತಟ್ಟನೆ ನಿಲ್ಲಿಸಿದರೆ ಫ್ಯಾನೂ ನಿಲ್ಲುತ್ತದೆ, ಕಾವು ಒಳಗೇ ಉಳಿಯುತ್ತದೆ.

ಮುಂದಿನ ನಿರ್ವಹಣೆಯಲ್ಲಿ ನಿಮ್ಮ ಕಡೆ ದೊಡ್ಡ ಶತ್ರು ಬೇಸಿಗೆಯ ಧೂಳು. ಏರ್ ಕ್ಲೀನರ್ ಆಯಿಲ್ ತುಂಬುವ ಮಾದರಿಯದ್ದಾದರೆ, ಅದರ ಬಟ್ಟಲಿನ ಆಯಿಲ್ ಕೆಸರಾಗುವ ಮೊದಲೇ ಬದಲಿಸಿ. ಗ್ರೈಂಡಿಂಗ್ ಕಿಡಿ ಸೆಟ್ಟಿನ ಕಡೆ ಹಾರದಂತೆ ಕೂರಿ. ಆ ಕಬ್ಬಿಣದ ಪುಡಿ ಫ್ಯಾನ್ ಗಾಳಿಯ ಜತೆ ನೇರ ವೈಂಡಿಂಗಿಗೆ ಹೋಗುತ್ತದೆ. ಕೂಲಿಂಗ್ ರೆಕ್ಕೆಗಳ ಸಂದನ್ನು ವಾರಕ್ಕೊಮ್ಮೆ ಗಾಳಿ ಹೊಡೆದು ಬಿಡಿಸಿ. ಸುತ್ತಲ ತಗಡಿನ ಕವರ್ ತೆಗೆದರೆ ಗಾಳಿ ಚೆನ್ನಾಗಿ ಆಡುತ್ತದೆಂದು ಕೆಲವರು ಬಿಚ್ಚಿಟ್ಟು ಓಡಿಸುತ್ತಾರೆ. ಗಾಳಿಯನ್ನು ಸಿಲಿಂಡರಿನ ಮೇಲೆ ಹರಿಸುವುದೇ ಆ ತಗಡು, ಅದಿಲ್ಲದೆ ಎಂಜಿನ್ ಬೆಂದುಹೋಗುತ್ತದೆ. ಡೀಸೆಲ್ ಪೂರ್ತಿ ಖಾಲಿಯಾಗಲು ಬಿಡಬೇಡಿ, ಡೀಸೆಲ್ ಪೈಪಿನಲ್ಲಿ ಸಿಕ್ಕಿಕೊಂಡ ಗಾಳಿ, ಅಂದರೆ ಏರ್ ಲಾಕ್ ಬಿಡಿಸುತ್ತಾ ಅರ್ಧ ದಿನ ಹೋದೀತು. ಬ್ಯಾರಲ್ಲಿನ ಡೀಸೆಲ್ ಆದರೆ ತಳದಲ್ಲಿ ನೀರಿರುತ್ತದೆ, ಸೋಸದೆ ಹಾಕಬೇಡಿ.

ಪ್ರಶ್ನೆ: ನಮ್ಮ ಕಾಫಿ ತೋಟ ಸುಮಾರು 1200 ಮೀಟರ್ ಎತ್ತರದಲ್ಲಿದೆ. ಮಂಗಳೂರಿನ ಅಂಗಡಿಯಲ್ಲಿ 4 ಮಿ.ಮೀ. ರಾಡು ಸಲೀಸಾಗಿ ಉರಿಸಿ ತೋರಿಸಿದ ಪೆಟ್ರೋಲ್ ವೆಲ್ಡಿಂಗ್ ಜನರೇಟರ್ ಇಲ್ಲಿ ಏದುಸಿರು ಬಿಡುತ್ತದೆ. ಮೆಕ್ಯಾನಿಕ್ ಎಂಜಿನ್ನಿನ ವೇಗ ಹಿಡಿದಿಡುವ ಗವರ್ನರ್ ಸ್ಕ್ರೂ ಬಿಗಿ ಮಾಡುತ್ತೇನೆ ಅನ್ನುತ್ತಾನೆ.
— ಚಿಕ್ಕಮಗಳೂರಿನ ಓದುಗರು

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ, ಮಂಗಳೂರು ಕಡಲ ಮಟ್ಟದಲ್ಲಿದೆ ಅಷ್ಟೇ. ಎತ್ತರಕ್ಕೆ ಹೋದಂತೆ ಗಾಳಿ ತೆಳುವಾಗುತ್ತದೆ. ಇಂಥ ಸಣ್ಣ ಎಂಜಿನ್ನಿನಲ್ಲಿ ಪ್ರತಿ 300 ಮೀಟರಿಗೆ ಸುಮಾರು 3.5 ಶೇಕಡಾ ಶಕ್ತಿ ಇಳಿಯುತ್ತದೆ. ನಿಮ್ಮಲ್ಲಿ 14 ಶೇಕಡಾ ಹೋಯಿತು. 3.15 ಮಿ.ಮೀ. ರಾಡಿಗೆ ಇಳಿದು, ಬೇಕಾದರೆ ಎರಡು ಪಾಸ್ ಹಾಕಿ. ಕೇಬಲ್ ಉದ್ದವಿದ್ದು ತೆಳುವಾಗಿದ್ದರೆ, ಅದರ ತುದಿಯ ಲಗ್ ಸಡಿಲವಿದ್ದರೆ ಅಲ್ಲೂ ಒಂದಷ್ಟು ಸೋರುತ್ತದೆ. ಕೆಲಸ ಮಾಡಿ ನಿಲ್ಲಿಸಿದ ಮೇಲೆ ಲಗ್ಗಿನ ಹತ್ತಿರ ಕೈಯೊಡ್ಡಿ ನೋಡಿ, ಕಾವು ಹೊಡೆದರೆ ಗೊತ್ತಾಗುತ್ತದೆ.

ಗವರ್ನರ್ ಸ್ಕ್ರೂ ಮುಟ್ಟಲು ಬಿಡಬೇಡಿ. ಎರಡು ಪೋಲಿನ ಜನರೇಟರ್ 50 ಹರ್ಟ್ಜ್ ಕೊಡಬೇಕಾದರೆ ನಿಮಿಷಕ್ಕೆ 3000 ಸುತ್ತು ತಿರುಗಬೇಕು. ಸುತ್ತು ಏರಿಸಿದರೆ ಹರ್ಟ್ಜ್ ಏರುತ್ತದೆ, ಅದರ ಜತೆ ವೋಲ್ಟೇಜೂ ಏರಬಹುದು. ಆಗ ಪ್ಲಗ್ಗಿಗೆ ಹಾಕಿದ ಡ್ರಿಲ್ಲು, ದೀಪಗಳಿಗೆ ಏಟು.

ಪ್ರಶ್ನೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಟ್ಟಿಗೆಯಲ್ಲಿಟ್ಟ ಪೆಟ್ರೋಲ್ ಸೆಟ್ಟು ಪ್ರತಿ ವರ್ಷ ದಸರಾ ಹೊತ್ತಿಗೆ ಸ್ಟಾರ್ಟ್ ಆಗುವುದಿಲ್ಲ. ಈ ಸಲ ಸ್ಟಾರ್ಟ್ ಆಯಿತು, ಆದರೆ ಆರ್ಕೂ ಇಲ್ಲ, ಬಲ್ಬೂ ಉರಿಯಲಿಲ್ಲ.
— ತೀರ್ಥಹಳ್ಳಿಯ ಓದುಗರು

ಉತ್ತರ: ಮೊದಲನೆಯದು ಪೆಟ್ರೋಲಿನ ಕಥೆ. ಈಗ ಬಂಕಿನಲ್ಲಿ ಸಿಗುವುದು 20 ಶೇಕಡಾ ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಕೇಳಬೇಕೇ! ನಾಲ್ಕು ತಿಂಗಳಲ್ಲಿ ಕಾರ್ಬ್ಯುರೇಟರಿನ ಜೆಟ್ಟು ಗೋಂದು ಕಟ್ಟುತ್ತದೆ. ಮಳೆಗಾಲಕ್ಕೆ ಮೊದಲು, ಎಂಜಿನ್ ತಣ್ಣಗಿರುವಾಗ, ಬಯಲಲ್ಲಿ, ಹತ್ತಿರ ಬೆಂಕಿ ಇಲ್ಲದ ಕಡೆ ಟ್ಯಾಂಕು, ಕಾರ್ಬ್ಯುರೇಟರ್ ಬಟ್ಟಲು ಎರಡನ್ನೂ ಖಾಲಿ ಮಾಡಿ. ಎಷ್ಟು ಎಥನಾಲ್ ತಾಳುತ್ತದೆಂದು ಮ್ಯಾನ್ಯುಯಲ್ಲಿನಲ್ಲಿ ಬರೆದಿರುತ್ತದೆ, ಅದನ್ನೂ ನೋಡಿಡಿ.

ಆರ್ಕ್ ಬಾರದ್ದಕ್ಕೆ ಮೊದಲು ಅನುಮಾನಿಸುವುದು ಇಲಿಯನ್ನು. ನಗಬೇಡಿ. ಜನರೇಟರಿನ ಗಾಳಿಕಿಂಡಿ ಇಲಿಗೆ ಹೇಳಿ ಮಾಡಿಸಿದ ಮನೆ. ಒಮ್ಮೆ ಒಂದು ಸೆಟ್ಟಿನಿಂದ ಅಡಕೆ ಸಿಪ್ಪೆ ಸೇರಿಸಿ ಒಂದು ಬುಟ್ಟಿ ಗೂಡು ತೆಗೆದಿದ್ದೇನೆ. ವೈರ್ ಕಡಿದಿದೆಯೇ ನೋಡಿ. ಆಮೇಲೆ ಬ್ರಷ್: ತಿರುಗುವ ಭಾಗಕ್ಕೆ ಕರೆಂಟು ದಾಟಿಸುವ ಸ್ಲಿಪ್ ರಿಂಗಿನ ಮೇಲೆ ಕಿಲುಬು, ತುಕ್ಕು ಹಿಡಿದರೆ ಕಾರ್ಬನ್ ಬ್ರಷ್ ತಾಗುವುದಿಲ್ಲ. ಇವೆರಡೂ ಸರಿಯಿದ್ದರೆ, ತುಂಬ ದಿನ ನಿಂತ ಜನರೇಟರಿನಲ್ಲಿ ಉಳಿಯಬೇಕಾದ ಚೂರು ಅಯಸ್ಕಾಂತ ಶಕ್ತಿಯೇ ಆರಿಹೋಗಿರಬಹುದು. ಬ್ಯಾಟರಿಯಿಂದ ಒಂದು ಕ್ಷಣ ಫೀಲ್ಡ್ ವೈಂಡಿಂಗಿಗೆ ಕರೆಂಟು ಮುಟ್ಟಿಸಿದರೆ ಅದು ಎದ್ದುಕೊಳ್ಳುತ್ತದೆ. ಆದರೆ ತಪ್ಪು ವೈರಿಗೆ ಮುಟ್ಟಿಸಿದರೆ ವೋಲ್ಟೇಜ್ ರೆಗ್ಯುಲೇಟರ್ ಹೋಗುತ್ತದೆ, ಆದ್ದರಿಂದ ವೈಂಡಿಂಗ್ ಗೊತ್ತಿರುವವರಿಂದಲೇ ಮಾಡಿಸಿ. ಹಾಗೆಯೇ ಇನ್ಸುಲೇಷನ್ ಅಳೆಯುವ ಮೆಗ್ಗರ್ ಹಿಡಿಸಿ. ಇನ್ಸುಲೇಷನ್ 1 ಮೆಗಾ ಓಮ್‌ಗಿಂತ ಕೆಳಗಿದ್ದರೆ ವೈಂಡಿಂಗ್ ತೇವ ಕುಡಿದಿದೆ ಎಂದರ್ಥ. ಬಿಸಿಲಿಗಿಟ್ಟು ಒಣಗಿಸಿ, ಮತ್ತೆ ಅಳೆಸಿ, ಆಮೇಲೇ ಹೋಲ್ಡರ್ ಹಿಡಿಯಿರಿ.

ಪ್ರಶ್ನೆ: ಮಳೆ ಬಂದಾಗ ಸೆಟ್ಟನ್ನು ಪಂಪ್‌ಹೌಸ್ ಒಳಗಿಟ್ಟು ಬಾಗಿಲು ತೆರೆದಿಟ್ಟರೆ ಸಾಕಲ್ಲವೇ? ತೆರೆದ ಬಾವಿಯೊಳಗೆ ಪೈಪ್ ಕೆಲಸವೂ ಇದೆ.
— ಶಿರಸಿಯ ಓದುಗರು

ಉತ್ತರ: ಸಾಲದು. ಎಂಜಿನ್ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ಓಕರಿಕೆ ಬಂದಾಗ ಬಿಸಿಲಿನ ಸುಸ್ತು ಎಂದುಕೊಳ್ಳುತ್ತೇವೆ, ಅಷ್ಟರಲ್ಲಿ ಕಾಲು ಬಿದ್ದುಹೋಗಿರುತ್ತದೆ. ಸೆಟ್ಟು ಹೊರಗೇ ಇರಲಿ, ಕೇಬಲ್ ಒಳಗೆ ಹೋಗಲಿ. ಮಳೆಗೆ ನಾಲ್ಕೂ ಕಡೆ ಬಯಲಾಗಿರುವ ತಗಡಿನ ಚಪ್ಪರ ಹಾಕಿ; ತಾಡಪಾಲು ಹೊದಿಸಿ ಓಡಿಸಬೇಡಿ. ಬಾವಿಯ ಕಟ್ಟೆಯ ಪಕ್ಕವೂ ಬೇಡ, ಹೊಗೆ ಒಳಗಿಳಿದರೆ ಅಲ್ಲಿಂದ ಹೊರಹೋಗಲು ಗಾಳಿಯಾಡುವುದಿಲ್ಲ. ಗಾಳಿ ಬೀಸುವ ದಿಕ್ಕು ನೋಡಿ ದೂರ ಇಡಿ.

ಬಾವಿಯೊಳಗೆ ಒದ್ದೆ ಮೈಯಲ್ಲಿ ಹೋಲ್ಡರ್ ಹಿಡಿಯುವುದು ಇನ್ನೊಂದು ಅಪಾಯ. ಆರ್ಕ್ ಹೊತ್ತಿಸದೆ ಸುಮ್ಮನೆ ಹಿಡಿದಾಗಲೂ ರಾಡಿನಲ್ಲಿ 60ರಿಂದ 80 ವೋಲ್ಟ್ ಇರುತ್ತದೆ, ಬೆವರಿದ ಮೈಗೆ ಅದು ಸಾಕು. ಆಗುವಷ್ಟು ಪೈಪನ್ನು ಮೇಲೆಯೇ ವೆಲ್ಡ್ ಮಾಡಿ ಇಳಿಸಿ. ಒಳಗೆ ಫ್ಲ್ಯಾಂಜ್ ಇಟ್ಟು ನಟ್ಟು ಬೋಲ್ಟು ಹಾಕಿದರೆ ಮುಂದೆ ಬಿಚ್ಚಲೂ ಸುಲಭ.