ಕೂಸಿನ ಕಾಮಾಲೆ ಇಳಿಯದಿರುವ ಕುರಿತು ಜಮಖಂಡಿಯವರಿಗೆ ಪ್ರತಿಕ್ರಿಯೆ

ಸೋದರಮಾವನನ್ನೇ ಮದುವೆಯಾದ ನಿಮ್ಮ ತಂಗಿಯ ಕೂಸಿಗೆ ಮೂರು ವಾರವಾದರೂ ಕಾಮಾಲೆ ಇಳಿದಿಲ್ಲವೆಂದೂ, ಬಾಗಲಕೋಟೆಯ ವೈದ್ಯರು ಕ್ರಿಗ್ಲರ್–ನಜ್ಜಾರ್ ಸಿಂಡ್ರೋಮ್ (ಕಾಮಾಲೆ ತರುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ಯಕೃತ್ತು ಸಂಸ್ಕರಿಸಲಾಗದ ಅಪರೂಪದ ಅನುವಂಶಿಕ ರೋಗ) ಇರಬಹುದೆಂದು ಶಂಕಿಸಿದ್ದಾರೆಂದೂ ಬರೆದಿದ್ದೀರಿ.

ಮೊದಲು ವರದಿಯಲ್ಲಿ ಬಿಲಿರುಬಿನ್‌ನ ವಿಂಗಡಣೆಯನ್ನು, ಅಂದರೆ ಡೈರೆಕ್ಟ್ (ಯಕೃತ್ತು ಸಂಸ್ಕರಿಸಿದ) ಮತ್ತು ಇನ್‌ಡೈರೆಕ್ಟ್ (ಇನ್ನೂ ಸಂಸ್ಕರಿಸದ) ಭಾಗಗಳನ್ನು ನೋಡಿರಿ. ಡೈರೆಕ್ಟ್ ಭಾಗ ಏರಿದ್ದರೆ ಅಥವಾ ಮಲ ಬಿಳಚಿಕೊಂಡಿದ್ದರೆ ರೋಗವೇ ಬೇರೆ. ಪಿತ್ತನಾಳದ ತಪಾಸಣೆಗೆ ತಡಮಾಡಬಾರದು. ಇನ್‌ಡೈರೆಕ್ಟ್ ಭಾಗವಷ್ಟೇ ಏರಿದ್ದು, ರಕ್ತದ ಗುಂಪಿನ ಹೊಂದಾಣಿಕೆಯ ತೊಂದರೆ, ಜಿ6ಪಿಡಿ (ಕೆಂಪು ರಕ್ತಕಣಗಳನ್ನು ಕಾಯುವ ಕಿಣ್ವ) ಅಥವಾ ಥೈರಾಯ್ಡ್ ಕೊರತೆ, ಎದೆಹಾಲಿನ ಕಾಮಾಲೆ ಇವುಗಳಲ್ಲಿ ಯಾವುದೂ ಅಲ್ಲವೆಂದು ತೋರಿದಾಗ ಬಿಲಿರುಬಿನ್ ಸಂಸ್ಕರಿಸುವ ಕಿಣ್ವಕ್ಕೆ ಕಾರಣವಾದ ಯುಜಿಟಿ1ಎ1 ಜೀನಿನ ಪರೀಕ್ಷೆಯನ್ನು ಮಾಡಿಸುವುದು ಸರಿ.

ಈ ಸಿಂಡ್ರೋಮಿನಲ್ಲಿ ಎರಡು ಬಗೆ. ಮೊದಲನೆಯ ಬಗೆಯಲ್ಲಿ ಬಿಲಿರುಬಿನ್ ನೀರಿನಲ್ಲಿ ಕರಗುವಂತೆ ಮಾಡುವ ಆ ಕಿಣ್ವವೇ ಇರುವುದಿಲ್ಲವಾದ್ದರಿಂದ ಅದರ ಮಟ್ಟ ಸಾಮಾನ್ಯವಾಗಿ ಡೆಸಿಲೀಟರಿಗೆ 20 ಮಿಲಿಗ್ರಾಂ ದಾಟಿ ಮಿದುಳಿಗೆ ಶಾಶ್ವತ ಹಾನಿ ಮಾಡಬಲ್ಲದು. ದಿನಕ್ಕೆ 10–12 ತಾಸು ನೀಲಿ ಬೆಳಕಿನ ಚಿಕಿತ್ಸೆ ಬೇಕಾಗುತ್ತದೆ, ಖಾಯಂ ಪರಿಹಾರವೆಂದರೆ ಸದ್ಯಕ್ಕೆ ಯಕೃತ್ತಿನ ಕಸಿ. ಎರಡನೆಯ ಬಗೆ ಸೌಮ್ಯ, ಫಿನೋಬಾರ್ಬಿಟಾಲ್ ಔಷಧಕ್ಕೆ ಬಿಲಿರುಬಿನ್ ಇಳಿಯುತ್ತದೆ. ಮನೆಯ ಹಿರಿಯರು ಹೇಳುವ ಎಳೆಬಿಸಿಲು ಇದಕ್ಕೆ ಸಾಲದು. ನಮ್ಮ ಭಾಗದ ಬೇಸಿಗೆಯಲ್ಲಂತೂ ಅದು ಅಪಾಯವೇ ಸರಿ. ಸೆಫ್ಟ್ರಿಯಾಕ್ಸೋನ್ ಮತ್ತು ಸಲ್ಫಾ ಎಂಬ ಸೋಂಕುನಿವಾರಕ ಔಷಧಗಳು ಕೂಸಿಗೆ ಸಲ್ಲವೆಂಬುದನ್ನು ಪ್ರತಿ ವೈದ್ಯರಿಗೂ ನೆನಪಿಸಿರಿ.

ಕೂಸು ಹಾಲು ಬಿಟ್ಟರೆ, ಮಂಕಾದರೆ, ಕೀರಲು ದನಿಯಲ್ಲಿ ಅತ್ತರೆ ಅಥವಾ ಬೆನ್ನನ್ನು ಹಿಂದಕ್ಕೆ ಬಾಗಿಸಿದರೆ ಬೆಳಗಾಗುವವರೆಗೆ ಕಾಯದೆ, ರಕ್ತ ಬದಲಾಯಿಸುವ ಸೌಲಭ್ಯವಿರುವ ನವಜಾತ ಶಿಶು ಘಟಕಕ್ಕೆ ಒಯ್ಯಿರಿ. ರೋಗ ಖಚಿತವಾದರೆ ಮುಂದಿನ ಪ್ರತಿ ಗರ್ಭದಲ್ಲೂ 25% ಸಾಧ್ಯತೆ ಇರುವುದರಿಂದ, ತಂಗಿ ಮತ್ತು ಅವರ ಯಜಮಾನರಿಬ್ಬರೂ ಅನುವಂಶಿಕ ಸಲಹೆ ಪಡೆಯಲಿ.